ನಲವತ್ತೊಂದೂಮುಕ್ಕಾಲು

ಲೆಕ್ಕ ಹೀಗೆ ಬಂತು:
ಪೂರ್ವ ಆರೆಗನ್ನಿನ ಈ ಕಣಿವೆಯಲ್ಲಿ
ಕಾಡು ಸರಿಪಡಿಸಲು ಸರ್ಕಾರ ಸುರಿದ ದುಡ್ಡಿಗೆ
ಹುಟ್ಟಿದ ಕೆಲಸ ನಲವತ್ತೊಂದೂಮುಕ್ಕಾಲು.
ಹುಟ್ಟಿದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ.
ಊರಲ್ಲಿ ಯಾರಿಗೂ ಹೆರಿಗೆಯ ನೋವು ಕೇಳಿಸಿರಲಿಲ್ಲ.

ಫಾರಂ ಹಿಡಿದು ಹೊರಟೆ.
ನಲವತ್ತೊಂದು ಜನ ಹೇಗೋ ಸಿಕ್ಕಾರು,
ಆ ಮುಕ್ಕಾಲು ಯಾರು?

ಮೊದಲು ಆರ್ಲೋ ವೆಸ್ಟರ್‌ಗಾರ್ಡನ ಮನೆ.
ಮೂವತ್ತೊಂದು ವರ್ಷ ಮಿಲ್ಲಿನ ಗರಗಸಕ್ಕೆ ಹಲ್ಲು ಮಸೆದವನು.
"ಮರ ಮುಟ್ಟಬೇಡಿ ಅಂದ್ರಿ, ಬಿಟ್ವಿ. ಮಿಲ್ಲು ಮುಚ್ತು.
ಈಗ ಕಾಡು ಒತ್ತಾಯ್ತು, ಬೆಂಕಿ ಬೀಳತ್ತೆ,
ಸಣ್ಣವನ್ನ ಕಡೀರಿ ಅಂತೀರಿ.
ಉಳಿಸೋಕೆ ಕಡಿಯೋದು. ಇರಲಿ.
ಆ ಸಣ್ಣ ಮರ ಸೀಳೋ ಮಿಲ್ಲು ಇರೋದೆಲ್ಲಿ?
ನೂರಾಹತ್ತು ಮೈಲಿ ಆಚೆ.
ಲಾರಿಯವನ ಸಂಬಳ ಲಾರಿಯೇ ಕುಡಿಯತ್ತೆ."
ಒಂದರಿಂದ ಐದರೊಳಗೆ ಅಂಕ ಕೊಡಿ ಎಂದೆ, ನಿಮ್ಮ ತೃಪ್ತಿಗೆ.
ಅವನು ಎಡಗೈ ಎತ್ತಿ ತೋರಿಸಿದ.
ಅದರಲ್ಲಿದ್ದದ್ದು ಮೂರೇ ಬೆರಳು.
ಮೂರು ಎಂದು ಬರೆದುಕೊಂಡೆ.

ಶಾಲೆಯ ಗುಮಾಸ್ತೆ ಲವೋನ್ ಹಾಜರಿ ಪುಸ್ತಕ ಬಿಚ್ಚಿದಳು.
ಮೂರನೇ ಕ್ಲಾಸಿಗೆ ಏಳು ಮಕ್ಕಳು.
ಆರಾಗಿದ್ದರೆ ಎರಡನೆಯದಕ್ಕೆ ಸುರಿದು ಕಲಸಿಬಿಡುತ್ತಿದ್ದರಂತೆ.
ಏಳನೆಯವಳು, ಅರಣ್ಯ ಇಲಾಖೆಗೆ ಹೊಸದಾಗಿ ಬಂದವನ ಮಗಳು,
ಮುಂದಿನ ಹಲ್ಲು ಬಿದ್ದ ಪೋರಿ.
ಒಬ್ಬ ಟೀಚರ ಇಡೀ ವರ್ಷದ ಸಂಬಳ
ಅವಳ ಬಾಯ ಕಿಂಡಿಯಲ್ಲಿ ಸಿಕ್ಕಿಕೊಂಡು ನಿಂತಿತ್ತು.
ಅದಕ್ಕೆ ನನ್ನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.

ಬಟ್ಟೆ ಒಗೆಯುವ ಅಂಗಡಿಯ ಡೆಲ್ಫೀನ್ ಹೇಳಿದಳು:
"ಮೇ ತಿಂಗಳವರೆಗೂ ಡ್ರೈಯರಿನ ಜಾಲರಿ ಬಳಿದರೆ ಬರೀ ನಾಯಿಕೂದಲು.
ಜೂನಿನಲ್ಲಿ ಮರದ ಹೊಟ್ಟು, ಡಬ್ಬಿಗಟ್ಟಲೆ.
ಆಗ ಗೊತ್ತಾಗತ್ತೆ, ಹುಡುಗರು ಬಂದ್ರು ಅಂತ."

ಯಾವ ಹುಡುಗರು?

ಮೋಟೆಲಿನ ಎರಡು ಕೋಣೆ, ಹನ್ನೊಂದು ಜನ, ಒಂದು ವ್ಯಾನು.
ಮಿಚೊಆಕಾನಿನಿಂದ ಬಂದವರು,
ಇಡೀ ದಿಣ್ಣೆಯ ತೋಳುಗಾತ್ರದ ಮರಗಳನ್ನೆಲ್ಲ ಕೊಯ್ದವರು.
ಅವರ ವೀಸಾ ಬೇರೆ, ವಿಳಾಸ ಬೇರೆ,
ಗುತ್ತಿಗೆದಾರನ ಕಚೇರಿಯೂ ಬೇರೆ ಜಿಲ್ಲೆ.
ನಮ್ಮ ಸೂತ್ರದಲ್ಲಿ ಅವರ ಕೂಲಿಯ ಹೆಸರು ಸೋರಿಕೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮೇಸ್ತ್ರಿ ಎಲಿಸೆಯೊ ತಿದ್ದಿದ:
ಬಂದಾಗ ಹನ್ನೊಂದು. ಈಗ ಹತ್ತು.
ಫೆರ್ಮಿನ್, ಹತ್ತೊಂಬತ್ತು ವರ್ಷ.
ಜುಲೈ. ಮೇಲಿಂದ ಒಣಕೊಂಬೆ.
"ಕಾಲು," ಎಂದಷ್ಟೇ ಹೇಳಿ
ತಟ್ಟೆಯ ಹುರುಳಿಯನ್ನು ಒಂದು ಪಕ್ಕಕ್ಕೆ ಒತ್ತುತ್ತ ಕೂತ.
ವ್ಯಾನಿನ ಸೀಟಿನಡಿ ಅವನದೊಂದು ಬೂಟಿತ್ತು.
ಇನ್ನೊಂದನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರಂತೆ.

ಸಂಜೆ ದಿಣ್ಣೆ ಹತ್ತಿದೆ.
ಸುಳ್ಳು ಹೇಳಬಾರದು, ಕಾಡು ಚೆನ್ನಾಗಿತ್ತು.
ಹಳೆಯ ಪೈನುಗಳು ಮೈಗೆ ಮೈ ತಾಗದೆ ನಿಂತು ಉಸಿರಾಡುತ್ತಿದ್ದವು,
ಬಿಸಿಲು ನೆಲದವರೆಗೂ ಇಳಿದು ಹುಲ್ಲು ಹುಡುಕಿಕೊಂಡಿತ್ತು.
ಆಗಸ್ಟಿನ ಬೆಂಕಿ ತಲೆಯೆತ್ತರ ಕುಣಿಯುತ್ತ ಬಂದು
ಇಲ್ಲಿ ಮಂಡಿಯೂರಿ, ಮೊಣಕಾಲ ಮಟ್ಟದ ಮಸಿ ಬಳಿದು,
ಹೊಳೆ ಸೇರುವ ಮೊದಲೇ ಸತ್ತಿತ್ತು.
ಹೊಳೆಯಾಚೆ ಊರು, ದೀಪ, ಆರ್ಲೋನ ಚಿಮಣಿ.
ಸುಟ್ಟ ಮನೆ ಎಣಿಸಬಹುದು.
ಸುಡದ ಮನೆಗೆ ಬಿಲ್ಲು ಬರುವುದಿಲ್ಲ.

ರಾತ್ರಿ ಕಚೇರಿಯಿಂದ ಫೋನು:
"ಮುಕ್ಕಾಲು ಅಂದ್ರೆ ಜನ ನಗ್ತಾರೆ.
ನಲವತ್ತೆರಡು ಮಾಡಿಬಿಡು."
ಇನ್ನೊಂದು ಕಾಲು ಎಲ್ಲಿಂದ ತರಲಿ, ಎಂದೆ.
ತಮಾಷೆ ಎಂದುಕೊಂಡು ಅವರು ನಕ್ಕರು.

ವರದಿ ಹೋಯಿತು.
ಒಂಬತ್ತನೇ ಪುಟ, ಮೇಲಿನ ಸಾಲು: ನಲವತ್ತೆರಡು.
ನೆಟ್ಟಗೆ ನಿಂತಿದೆ
ಎರಡೂ ಕಾಲ ಮೇಲೆ.