ಒಂದು ಸೆಕೆಂಡು ನಮ್ಮದು

ಪೆರ್ಲದಿಂದ ಸ್ವರ್ಗಕ್ಕೆ ಕೇಬಲ್ ಎಳೆದವನು ನಾನೇ.
ನಗಬೇಡಿ, ಸ್ವರ್ಗ ಅಂದರೆ ಊರು,
ಬಸ್ಸಿನ ಬೋರ್ಡಿನಲ್ಲಿ ಎರಡು ಲಿಪಿಯಲ್ಲಿ ಬರೆದಿರುತ್ತದೆ.
ಅಲ್ಲಿಂದ ಇಳಿದರೆ ಗೇರುಗುಡ್ಡ, ಗುಡ್ಡದ ಬುಡಕ್ಕೆ ತೋಡು,
ತೋಡಿನ ಆಚೆ ಕರ್ನಾಟಕ.
ಈಚೆ ದಡದಲ್ಲಿ ನನ್ನ ಕೊನೆಯ ಕಂಬ, ಕೊನೆಯ ಗಿರಾಕಿ,
ಗುಲಾಬಿಯಕ್ಕ.

ಕಂಪ್ಲೇಂಟು ಇದು ಮೂರನೆಯ ಸಲ.
ಮೋಡೆಮ್ಮಿನ ಹಸಿರು ದೀಪ ಸರಿ ಇದೆ.
ಬೆಳಕಿನ ಮೀಟರು ಮೈನಸ್ ಹತ್ತೊಂಬತ್ತು, ಅದೂ ಸರಿ.
ಸ್ಪೀಡು ನೂರಕ್ಕೆ ತೊಂಬತ್ತಾರು.
"ನೋಡಿ ಅಕ್ಕಾ, ಕಾಸರಗೋಡು ಪೇಟೆಯಲ್ಲೂ ಇಷ್ಟು ಬರುವುದಿಲ್ಲ."
ಅವಳು ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.
"ಕೊಡಪಾನ ಎಷ್ಟು ದೊಡ್ಡದು ಅಂತ ನಾನು ಕೇಳಿದೆನಾ?
ಬಾವಿ ಎಷ್ಟು ಆಳ ಅಂತ ಹೇಳು."

ವಿಷಯ ಇಷ್ಟು.
ತೋಡಿನ ಆಚೆ ಮನೆ ಅವಳ ಅಕ್ಕ ಸೇಸಮ್ಮನದ್ದು.
ನಡುವಿನ ಸಂಕ ಹೋದ ವರ್ಷದ ಬೊಳ್ಳಕ್ಕೆ ಹೋಯಿತು.
ಎರಡು ಪಂಚಾಯತು, ಎರಡು ರಾಜ್ಯ, ಕಟ್ಟುವವರು ಯಾರು?
ಹಾಗಾಗಿ ಮಾತೆಲ್ಲ ವೀಡಿಯೊದಲ್ಲಿ.
ಮೊನ್ನೆ ಇವಳು ಕೇಳಿದಳಂತೆ,
ಅಮ್ಮನ ಬೆಂಡೋಲೆ, ಮಗಳ ಮದುವೆಗೆ, ಒಂದೇ ಒಂದು ದಿನಕ್ಕೆ.
ಕೊಡುತ್ತೇನೆ ಎಂದಳಂತೆ ಅಕ್ಕ.
ಆದರೆ ಅದಕ್ಕಿಂತ ಮೊದಲು ಸ್ವಲ್ಪ ಹೊತ್ತು
ಏನೂ ಇರಲಿಲ್ಲವಂತೆ.
"ಆ ಮೌನ ಅವಳದ್ದಾ, ನಿಮ್ಮ ಕಂಪೆನಿಯದ್ದಾ?
ಅಷ್ಟು ಹೇಳಿ ಹೋಗು ಉದನೇಶಾ."

ಟ್ರೈನಿಂಗಿನಲ್ಲಿ ಇದನ್ನು ಕಲಿಸಿರಲಿಲ್ಲ.
ಪಿಂಗ್ ಹೊಡೆದೆ. ಕೊಚ್ಚಿಯಿಂದ
ಇಪ್ಪತ್ತೆರಡು ಮಿಲ್ಲಿಸೆಕೆಂಡಿನಲ್ಲಿ ಓಗೊಟ್ಟಿತು.
ಸೇಸಮ್ಮ ಕೊಚ್ಚಿಯಲ್ಲಿಲ್ಲ.
ಇವಳ ಒಂದು ಹಲೋ ಗುಡ್ಡ ಹತ್ತಿ, ಕಾಸರಗೋಡಿಗಿಳಿದು,
ಕೊಚ್ಚಿ ನೋಡಿ, ಚೆನ್ನೈಯಲ್ಲಿ ಸರದಿ ನಿಂತು,
ಬೆಂಗಳೂರು ಸುತ್ತಿ, ಮಂಗಳೂರು, ಪುತ್ತೂರು,
ಅಲ್ಲಿಂದ ಬಡಕಲು ಟವರು ಹಿಡಿದು ಅಕ್ಕನ ಕಿವಿಗೆ.
ಎಂಟು ಮಾರು ಅಗಲದ ತೋಡು ದಾಟಲು!

ಅಂಗಳಕ್ಕೆ ಬಂದು ಫೋನಿನಲ್ಲೇ ಹೇಳಿದೆ,
"ಸೇಸಕ್ಕಾ, ಒಂದು ಬಟ್ಟಲಿಗೆ ಸೌಟಿನಲ್ಲಿ ಬಡಿಯಿರಿ."
ಗಾಳಿಯಲ್ಲಿ ಟಣ್.
ಆಮೇಲೆ ಮೊಬೈಲಿನಲ್ಲಿ ಟಣ್.
ಐದು ಸಲ ಬಡಿಸಿದೆ. ಐದು ಸಲವೂ ಬರಿಗಾಳಿ
ನನ್ನ ಗಾಜಿನ ನೂಲನ್ನು ಸೋಲಿಸಿತು.
ಗಾಳಿ ತಿಂದ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದೆ:
ಹೋಗಲು ಅರ್ಧ, ಬರಲು ಅರ್ಧ.
ಒಂದು ಸೆಕೆಂಡು ನಮ್ಮದು. ಒಪ್ಪಿದೆ.

"ಎಷ್ಟು ಉದ್ದ ಇತ್ತು ಅಕ್ಕಾ, ಆ ಮೌನ?"
"ಒಂದು ಬೀಡಿಗೆ ನೂಲು ಸುತ್ತುವಷ್ಟು."
"ಸುತ್ತಿ ನೋಡುವ."
ಸುತ್ತಿದಳು. ಅವಸರವಿಲ್ಲದ ಬೆರಳು, ಕೆಂಪು ನೂಲು,
ಕೊನೆಗೊಂದು ಗಂಟು.
ನಾಲ್ಕು ಸೆಕೆಂಡು.

ನಾಲ್ಕರಲ್ಲಿ ಒಂದು ಕಳೆದೆ.
ಉಳಿದ ಮೂರನ್ನು ಹಿಡಿದುಕೊಂಡು ನಿಂತೆ,
ಟೂಲ್ ಕಿಟ್ಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.
ಆಚೆ ದಡದಲ್ಲಿ ಬಟ್ಟಲು ಹಿಡಿದ ಒಂದು ಸಣ್ಣ ಆಕೃತಿ
ಇನ್ನೂ ನನ್ನ ಮುಂದಿನ ಮಾತಿಗೆ ಕಾಯುತ್ತಿತ್ತು.
"ಏನಂತೆ?" ಎಂದಳು ಇವಳು.

"ಎಲ್ಲ ನಮ್ಮದೇ ಅಕ್ಕಾ. ಲೈನಿನ ತಡ."

ಗುಲಾಬಿಯಕ್ಕ ಬೀಡಿಯ ತಲೆ ಮಡಚಿ ಕಟ್ಟಿಗೆ ಸೇರಿಸಿದಳು.
"ನಮ್ಮಿಬ್ಬರ ನಡುವೆ ಕೇಬಲ್ ಇಲ್ಲವಲ್ಲ ಮಾರಾಯ,
ನೀನ್ಯಾಕೆ ಇಷ್ಟು ತಡ ಮಾಡಿ ಹೇಳಿದೆ?"

ಕರೆ ಕಟ್ ಆಗಿರಲಿಲ್ಲ.
ತೋಡಿನ ಕಡೆಯಿಂದ ಯಾರೋ ನಕ್ಕರು,
ಅದೇ ನಗು ಮತ್ತೊಮ್ಮೆ ನನ್ನ ಅಂಗೈಯಲ್ಲಿ.

ಬೆಂಡೋಲೆ ಈಚೆ ಬಂತೋ ಇಲ್ಲವೋ ನಾನು ಕೇಳಲಿಲ್ಲ.
ಕಂಪ್ಲೇಂಟು ಮಾತ್ರ ನಾಲ್ಕನೆಯ ಸಲ ಬರಲಿಲ್ಲ.