ಮೂವತ್ತೈದು

ಹಗಲೆಲ್ಲ ಫ್ಯಾಕ್ಟರಿಯಲ್ಲಿ ಕಬ್ಬಿನ ಹಾಲಿನ ಸಿಹಿ ನೋಡಿ
ಸಂಜೆ ಮನೆಯಲ್ಲಿ ಉಪ್ಪು ನೋಡುತ್ತೇನೆ.
ಅಂಥದೇ ಗಾಜಿನ ಮೇಲೆ ಒಂದು ಹನಿ,
ಕಣ್ಣಿಗೊತ್ತಿ, ಕಿಟಕಿಯತ್ತ ತಿರುಗಿ:
ಮೂವತ್ತೈದು. ಸಾಕು.

ಮಂಡ್ಯದ ನಲ್ಲಿಯಲ್ಲಿ ಸಮುದ್ರ ಬರುವುದಿಲ್ಲವಲ್ಲ.
ಸೋಸಿ, ಬೆರೆಸಿ,
ಒಂದೂವರೆ ತಿಂಗಳು ಬರೀ ಕಲ್ಲು ಸಾಕಿದೆ.
"ಕಲ್ಲಿಗೂ ಕರೆಂಟ್ ಬಿಲ್ಲಾ?" ಅಂದರು ಅತ್ತೆ ಚಿಕ್ಕತಾಯಮ್ಮ.

ಹವಳ ಬಂತು, ಹೆಬ್ಬೆರಳುದ್ದ. ಬಂದದ್ದೇ ಮುದುಡಿತು.
ದೀಪ ತಗ್ಗಿಸಿ, ಕೈ ಹಾಕದೆ ಕೂತೆ;
ಕೈ ಹಾಕದಿರುವುದೇ ಕಷ್ಟ.

ನಿನ್ನೆ ರಾತ್ರಿ ಕರೆಂಟ್ ಹೋಗಿ ಪಂಪು ನಿಂತಾಗ
ತಾಮ್ರದ ಚೊಂಬು ಹಿಡಿದು ಓಡಿ ಬಂದರು.
ತಾಮ್ರ ವಿಷ ಎಂದು ಕಿತ್ತುಕೊಂಡು
ಪ್ಲಾಸ್ಟಿಕ್ ಮಗ್ಗು ಕೊಟ್ಟೆ.
ಎತ್ತಿ ಸುರಿದು, ಎತ್ತಿ ಸುರಿದು, ಎರಡು ಗಂಟೆ.
ತಾಳಿಯ ಹವಳ ಗಾಜಿಗೆ ಟಿಣ್ಣೆಂದಿತು.
ನಾನು ಟಾರ್ಚ್ ಎತ್ತಿದೆ.
"ಬ್ಯಾಟ್ರಿ ಬುಡಬ್ಯಾಡ ಕಣವ್ವ, ಮನಿಕಂಡದೆ."