ಇನ್ನೂರು ಗ್ರಾಂ

ಆಸ್ಟಿನ್ ಟೌನಿನ ಟೀ ಅಂಗಡಿಯಲ್ಲಿ ಮತ್ತೆ ಅದೇ ಜಗಳ:
ಐವತ್ತೊಂದು ಕೆಜಿಯ ಏಳುಮಲೆ ದೊಡ್ಡವನೋ,
ತೊಂಬತ್ತೊಂದರ ಡೆಸ್ಮಂಡೋ?

ಡೆಸ್ಮಂಡನಿಗೆ ಆರು ಚಿನ್ನ.
"ಆ ತೂಕಕ್ಕೆ ಬಂದವರೇ ಮೂವರು,
ಒಂದು ಬೈ ಸಿಕ್ಕರೆ ಫೈನಲ್ಲು," ಟೀ ಸೋಸುತ್ತ ಖಲೀಲ.
ಏಳುಮಲೆಗೆ ಎರಡೇ, ಐದೈದು ಬೌಟು ಗೆದ್ದು.
"ಡೆಸ್ಮಂಡನ ಒಂದೇ ಒಂದು ಎಡಗೈ ತಿಂದು ನೋಡು,
ಆಮೇಲೆ ಲೆಕ್ಕ ಹೇಳು."

ಇಬ್ಬರಿಗೂ ಟವೆಲ್ ಬೀಸಿದವನು ನಾನು.
ಹಲಸೂರು ಕೆರೆ ಸುತ್ತ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು ಓಡಿ,
ಡಬ್ಬಿಗೆ ಉಗುಳಿ ಉಗುಳಿ,
ಆದರೂ ಇನ್ನೂರು ಗ್ರಾಂ ಹೆಚ್ಚಾಗಿ
ತೂಕದ ಯಂತ್ರದಿಂದ ಏಳುಮಲೆ ಕೆಳಗಿಳಿದಾಗ
ಇಡ್ಲಿ ಮುರಿದು ಅವನ ಬಾಯಿಗಿಟ್ಟವನು ಡೆಸ್ಮಂಡ್.

ನನ್ನನ್ನು ಕೇಳಬೇಡಿ.
ಅರವತ್ತೆರಡಾದರೂ ಏಳುಮಲೆ ಇವತ್ತಿಗೂ
ಸಕ್ಕರೆಯ ಚಮಚ ಲೋಟದ ಮೇಲೆ ಹಿಡಿದು
ಅರ್ಧ ಡಬ್ಬಕ್ಕೇ ವಾಪಸು ಉದುರಿಸುತ್ತಾನೆ.